ಎಲ್ಗಾರ್ ಕೇಳಬೇಕಾ, ಬೀಟಲ್ಸ್ ಕೇಳಬೇಕಾ? ಎರಡೂ ಒಂದೇ ಮನೆಯ ಹಾಡು

ಓದುಗರ ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಪಿಯಾನೋ ಕಲಿಯುತ್ತಿದ್ದಾಳೆ. ಈ ಸಲ ಟ್ರಿನಿಟಿಯ ಗ್ರೇಡ್ 5 ಪರೀಕ್ಷೆಗೆ ಕೂರುತ್ತಾಳೆ. ಪರೀಕ್ಷೆ ನಡೆಸುವವರು ಲಂಡನ್ನಿನವರು. ಆದರೆ ಅವಳು ನುಡಿಸುವ ಬಾಖ್, ಮೊಜಾರ್ಟ್, ಬೀಥೋವನ್ ಯಾರೂ ಇಂಗ್ಲೆಂಡಿನವರಲ್ಲ. ಇಂಗ್ಲಿಷರು ಅಂದರೆ ನಮಗೆ ಗೊತ್ತಿರುವುದು ಬೀಟಲ್ಸ್, ಕ್ವೀನ್, ಎಲ್ಟನ್ ಜಾನ್ ಅಷ್ಟೇ. ಅವರಲ್ಲಿ ಶಾಸ್ತ್ರೀಯ ಸಂಗೀತದ ದೊಡ್ಡವರು ಇಲ್ಲವೇ? ಪಾಪ್ ಜಾಸ್ತಿ ಕೇಳಿದರೆ ಕಿವಿ ಕೆಡುತ್ತದೆ ಅಂತ ಬಂಧುಗಳೊಬ್ಬರು ಹೇಳಿದರು. ಅದು ನಿಜವೇ? ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವಳು. ತಾಯಿ, ಮಗಳು ಕೂತು ಒಟ್ಟಿಗೆ ಕೇಳಬೇಕು ಅಂದರೆ ಎಲ್ಲಿಂದ ಶುರು ಮಾಡೋಣ?

ಉತ್ತರ: ಕಿವಿ ಕೆಡುವುದಿಲ್ಲ. ಮೊದಲು ಆ ಭಯ ಬಿಡಿ. ಮಗಳಿಗೂ ಹೇಳಿ.

ಇಂಗ್ಲೆಂಡಿನಲ್ಲಿ ಶಾಸ್ತ್ರೀಯ ಸಂಗೀತದ ದೊಡ್ಡವರು ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಪ್ರಶ್ನೆ ಹೊಸದೇನಲ್ಲ. ನೂರು ವರ್ಷದ ಹಿಂದೆ ಜರ್ಮನರು ಇಂಗ್ಲೆಂಡನ್ನು 'ಸಂಗೀತವಿಲ್ಲದ ನಾಡು' ಅಂತಲೇ ಕರೆಯುತ್ತಿದ್ದರು. ಹಾಗೆ ಹೇಳಲು ಒಂದು ಕಾರಣವೂ ಇತ್ತು. ಹೆನ್ರಿ ಪರ್ಸೆಲ್ ಎಂಬ ಮಹಾ ಪ್ರತಿಭಾವಂತ 1695ರಲ್ಲಿ ಬರೀ 36ನೇ ವಯಸ್ಸಿಗೆ ತೀರಿಕೊಂಡ. ಅವನಷ್ಟು ಎತ್ತರದ ಇನ್ನೊಬ್ಬ ಇಂಗ್ಲಿಷ್ ಸಂಗೀತ ರಚನಕಾರ ಬರಲು ಇನ್ನೂರು ವರ್ಷ ಹಿಡಿಯಿತು. ನಡುವೆ ಲಂಡನ್ನಿನಲ್ಲಿ ಮೆರೆದ ಹ್ಯಾಂಡೆಲ್ ಹುಟ್ಟಿನಿಂದ ಜರ್ಮನ್. 1727ರಲ್ಲಿ ಬ್ರಿಟಿಷ್ ಪ್ರಜೆಯಾದ. ಇಂಗ್ಲಿಷರು ಅವನನ್ನು ತಮ್ಮವನೇ ಅಂದುಕೊಂಡಿದ್ದಾರೆ, ಅದರಲ್ಲಿ ತಪ್ಪೂ ಇಲ್ಲ.

ಆದರೆ ನಾನು ನಿಮಗೆ ಹೆಸರುಗಳ ಪಟ್ಟಿ ಕೊಡುವುದಿಲ್ಲ. ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದರಲ್ಲಿ ಶಾಸ್ತ್ರೀಯದವರು ಒಂದು ಕಡೆ, ಪಾಪ್‌ನವರು ಇನ್ನೊಂದು ಕಡೆ ಇರುತ್ತಾರೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ. ನಾನು ಮೂವತ್ತು ವರ್ಷ ಈ ಸಂಗೀತ ಕೇಳಿದ್ದೇನೆ, ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನನಗೆ ಕಂಡಿದ್ದು ಬೇರೆ. ಅದನ್ನು ತೋರಿಸಲು ನಿಮ್ಮನ್ನು ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ.

ಲಂಡನ್ನಿನ ಸೇಂಟ್ ಜಾನ್ಸ್ ವುಡ್ ಬಡಾವಣೆಯಲ್ಲಿ ಅಬೇ ರೋಡ್ ಅಂತ ಒಂದು ರಸ್ತೆ ಇದೆ. ನಾಲ್ಕು ಜನ ಬೀಟಲ್ಸ್ ಜೀಬ್ರಾ ಕ್ರಾಸಿಂಗ್ ದಾಟುವ ಫೋಟೋ ನೋಡಿದ್ದೀರಲ್ಲ, ಅದೇ ರಸ್ತೆ. ಅಲ್ಲಿ 3ನೇ ನಂಬರಿನ ಮನೆ ಹೊರಗಿಂದ ನೋಡಿದರೆ ಶ್ರೀಮಂತರ ಹಳೇ ಬಂಗಲೆ. ಗ್ರಾಮಫೋನ್ ಕಂಪನಿ, ಅಂದರೆ ನಮ್ಮ ಅಜ್ಜಿ ಮನೆಯ ಪ್ಲೇಟುಗಳ ಮೇಲೆ ನಾಯಿಯ ಚಿತ್ರ ಹಾಕುತ್ತಿದ್ದ ಎಚ್‌ಎಂವಿಯವರು, ಆ ಮನೆ ಕೊಂಡು ಹಿತ್ತಲಿನಲ್ಲಿ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. 1931ರ ನವೆಂಬರ್ 12ರಂದು ಅದರ ಉದ್ಘಾಟನೆ ಆಯಿತು. ಮಾಡಿದವರು ಸರ್ ಎಡ್ವರ್ಡ್ ಎಲ್ಗಾರ್. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಮುಂದೆ ಕೂತಿತ್ತು. ಅವತ್ತಿನ ಒಂದು ತುಣುಕು ಫಿಲ್ಮ್ ಉಳಿದಿದೆ, ಹುಡುಕಿದರೆ ನೋಡಲು ಸಿಗುತ್ತದೆ. ಬಿಳಿ ಮೀಸೆಯ ಮುದುಕ ಬಂದು ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ. ಈ ರಾಗವನ್ನು ಇದೇ ಮೊದಲ ಸಲ ಕೇಳುತ್ತಿರುವವರ ಹಾಗೆ ನುಡಿಸಿ ಅನ್ನುತ್ತಾರೆ. ಆಮೇಲೆ ಇಡೀ ಇಂಗ್ಲೆಂಡಿಗೆ ಬಾಯಿಪಾಠ ಆಗಿದ್ದ ತಮ್ಮ ಮಾರ್ಚ್ ಎತ್ತುತ್ತಾರೆ.

ಎಲ್ಗಾರ್ ಯಾರು? 1857ರಲ್ಲಿ ವೂಸ್ಟರ್ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನಿಗೆ ಸಂಗೀತ ವಾದ್ಯಗಳ ಅಂಗಡಿ. ಮನೆ ಮನೆಗೆ ಹೋಗಿ ಪಿಯಾನೋ ಶ್ರುತಿ ಮಾಡುವ ಕೆಲಸವೂ ಇತ್ತು. ಮಗ ಯಾವ ಸಂಗೀತ ಕಾಲೇಜಿಗೂ ಹೋಗಲಿಲ್ಲ. ಅಂಗಡಿಯಲ್ಲಿದ್ದ ಪುಸ್ತಕ ಓದಿ, ವಾದ್ಯ ಮುಟ್ಟಿ ನೋಡಿ ಕಲಿತರು. ಇಪ್ಪತ್ತರ ಹರೆಯದಲ್ಲಿ ಊರಿನ ಹತ್ತಿರದ ಮಾನಸಿಕ ಆಸ್ಪತ್ರೆಯಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದರು. ಅಲ್ಲಿ ಕುಣಿತಕ್ಕೆ ಬೇಕಾದ ಪೋಲ್ಕಾ, ಕ್ವಾಡ್ರಿಲ್ ಬರೆದುಕೊಟ್ಟರು. ಆ ಕಾಲದ ಪಾಪ್ ಅದೇ ಅಲ್ವಾ? ದೊಡ್ಡ ಹೆಸರು ಬಂದಿದ್ದು 1899ರಲ್ಲಿ, 'ಎನಿಗ್ಮಾ ವೇರಿಯೇಷನ್ಸ್' ಕೃತಿಯಿಂದ. ಆಗ ಅವರಿಗೆ 42 ವರ್ಷ.

ಅವರ ಕೃತಿಗಳಲ್ಲಿ ನೀವು ಒಂದೇ ಒಂದು ಕೇಳುವುದಾದರೆ 1919ರ ಚೆಲೋ ಕನ್ಚೆರ್ಟೋ ಕೇಳಿ. ಚೆಲೋ ಅಂದರೆ ವಯಲಿನ್‌ಗಿಂತ ದೊಡ್ಡ, ತಗ್ಗಿನ ದನಿಯ ತಂತಿವಾದ್ಯ. ಕನ್ಚೆರ್ಟೋ ಅಂದರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ಮೊದಲ ಮಹಾಯುದ್ಧ ಮುಗಿದ ಮೇಲಿನ ಸಂಗೀತ ಅದು. ಮೊದಲ ಪ್ರದರ್ಶನ ಕೆಟ್ಟು ಹೋಯಿತು, ರಿಹರ್ಸಲ್‌ಗೆ ಸಮಯವೇ ಸಿಕ್ಕಿರಲಿಲ್ಲ. ಅವತ್ತು ಆರ್ಕೆಸ್ಟ್ರಾದ ಚೆಲೋ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನ ಹೆಸರು ಜಾನ್ ಬಾರ್ಬಿರೊಲಿ. 46 ವರ್ಷ ಕಳೆದವು. 1965ರಲ್ಲಿ ಅದೇ ಬಾರ್ಬಿರೊಲಿ ಆರ್ಕೆಸ್ಟ್ರಾ ನಡೆಸುವ ದೊಡ್ಡ ಕಂಡಕ್ಟರ್ ಆಗಿ ನಿಂತು ಆ ಕೃತಿಯನ್ನು ರೆಕಾರ್ಡ್ ಮಾಡಿದರು. ಚೆಲೋ ಹಿಡಿದಿದ್ದವಳು 20 ವರ್ಷದ ಜಾಕ್ವೆಲೀನ್ ದು ಪ್ರೇ. ಮೊದಲ ಸ್ವರದಲ್ಲೇ ಅವಳು ಬಿಲ್ಲನ್ನು ತಂತಿಗೆ ಒತ್ತಿ ಎಳೆಯುವುದು ಕೇಳಿ. ಎದೆ ಹಿಂಡಿದ ಹಾಗಾಗುತ್ತದೆ. ಎಂಟು ವರ್ಷಕ್ಕೆ ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಅಂತ ಗೊತ್ತಾಯಿತು. ಬೆರಳುಗಳು ಮಾತು ಕೇಳದಾದವು. 1987ರಲ್ಲಿ, 42ನೇ ವಯಸ್ಸಿಗೆ ಹೋದಳು. ಆ ಪ್ಲೇಟು ಇವತ್ತಿಗೂ ಅಂಗಡಿಯಲ್ಲಿದೆ. ನನ್ನ ಮಟ್ಟಿಗೆ ಇಂಗ್ಲೆಂಡಿನಲ್ಲಿ ಆದ ರೆಕಾರ್ಡಿಂಗುಗಳಲ್ಲೇ ಅದು ಎಲ್ಲಕ್ಕಿಂತ ಮೇಲಿನದು.

ಮತ್ತೆ ಅಬೇ ರೋಡಿಗೆ ಬರೋಣ. 1932ರಲ್ಲಿ ಎಲ್ಗಾರ್ ತಮ್ಮ ವಯಲಿನ್ ಕನ್ಚೆರ್ಟೋವನ್ನು ಅಲ್ಲೇ ರೆಕಾರ್ಡ್ ಮಾಡಿದರು. ವಯಲಿನ್ ನುಡಿಸಿದ್ದು 16 ವರ್ಷದ ಅಮೆರಿಕನ್ ಹುಡುಗ ಯೆಹೂದಿ ಮೆನುಹಿನ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1947ರಲ್ಲಿ ಅದೇ ಮನೆಯಲ್ಲಿ ಇನ್ನೊಬ್ಬ ಮುದುಕ ಪಿಯಾನೋ ಮುಂದೆ ಕೂತ. ಹೆಸರು ನಿಕೊಲಾಯ್ ಮೆಟ್ನರ್. ರಷ್ಯಾದವನು, ಲಂಡನ್ನಿನಲ್ಲಿ ಯಾರಿಗೂ ಬೇಡದವನ ಹಾಗೆ ಬದುಕುತ್ತಿದ್ದ. ಅವನ ಮೂರೂ ಪಿಯಾನೋ ಕನ್ಚೆರ್ಟೋಗಳು ಅಲ್ಲಿ ರೆಕಾರ್ಡ್ ಆದವು. ದುಡ್ಡು ಕೊಟ್ಟವರು ಯಾರು ಗೊತ್ತಾ? ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಅವರಿಗೆ ಆಗಿನ್ನೂ 28 ವರ್ಷ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬರೆದ ಅದೇ ಮಹಾರಾಜರು ಪಿಯಾನೋ ಬಲ್ಲವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಫೆಲೋ ಗೌರವ ಕೊಟ್ಟಿತ್ತು. ನಿಮ್ಮ ಮಗಳು ಕಟ್ಟುತ್ತಿರುವ ಪರೀಕ್ಷೆಯೂ ಹುಟ್ಟಿದ್ದು ಆ ಕಾಲೇಜಿನಲ್ಲೇ. ಮೆಟ್ನರ್ ತನ್ನ ಮೂರನೇ ಕನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಜೊತೆಗೆ ನುಡಿಸಿದ ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ. ವಾಲ್ಟರ್ ಲೆಗ್ ಎಂಬ ರೆಕಾರ್ಡಿಂಗ್ ನಿರ್ಮಾಪಕ 1945ರಲ್ಲಿ ಕಟ್ಟಿದ ಹೊಸ ತಂಡ ಅದು. ಯುದ್ಧ ಮುಗಿದು ಲಂಡನ್ನಿನಲ್ಲಿ ರೇಷನ್ ನಡೆಯುತ್ತಿದ್ದ ದಿನಗಳು. ಆ ತಂಡ ಕಾಲೂರಿ ನಿಲ್ಲಲು ಮೈಸೂರಿನ ಹಣ ನೆರವಾಯಿತು.

ಈಗ 1962. ಮೇ 30ರ ಬುಧವಾರ ಇಂಗ್ಲಿಷ್ ರಚನಕಾರ ಬೆಂಜಮಿನ್ ಬ್ರಿಟನ್ ಅವರ 'ವಾರ್ ರಿಕ್ವಿಯಂ' ಕಾವೆಂಟ್ರಿಯಲ್ಲಿ ಮೊದಲ ಸಲ ಕೇಳಿಸಿತು. ಜರ್ಮನ್ ಬಾಂಬಿಗೆ ಹಳೇ ಚರ್ಚು ಸುಟ್ಟುಹೋಗಿತ್ತು. ಪಕ್ಕದಲ್ಲಿ ಹೊಸದು ಕಟ್ಟಿದ್ದರು. ಅದರ ಪ್ರಾರಂಭೋತ್ಸವಕ್ಕೆ ಬರೆದದ್ದು. ಸತ್ತವರಿಗಾಗಿ ಹಾಡುವ ಲ್ಯಾಟಿನ್ ಪ್ರಾರ್ಥನೆಯ ನಡುವೆ ಬ್ರಿಟನ್ ಅವರು ವಿಲ್ಫ್ರೆಡ್ ಓವೆನ್ ಕವಿತೆಗಳನ್ನು ಹೆಣೆದರು. ಓವೆನ್ ಮೊದಲ ಯುದ್ಧದಲ್ಲೇ ಸತ್ತ ಕವಿ. ಸರಿಯಾಗಿ ಒಂದು ವಾರ ಬಿಟ್ಟು, ಜೂನ್ 6ರ ಬುಧವಾರ, ಲಿವರ್‌ಪೂಲಿನ ನಾಲ್ವರು ಹುಡುಗರು ಅಬೇ ರೋಡ್ ಸ್ಟುಡಿಯೋಕ್ಕೆ ಮೊದಲ ಸಲ ಕಾಲಿಟ್ಟರು. ಇಂಗ್ಲಿಷ್ ಸಂಗೀತದ ಎರಡು ದೊಡ್ಡ ದಿನಗಳು, ನಡುವೆ ಏಳೇ ದಿನ.

ಬೀಟಲ್ಸ್ ಹುಡುಗರಿಗೆ ನೊಟೇಷನ್ ಓದಲು ಬರುತ್ತಿರಲಿಲ್ಲ. ಅವರ ರೆಕಾರ್ಡಿಂಗ್ ನೋಡಿಕೊಂಡ ಜಾರ್ಜ್ ಮಾರ್ಟಿನ್‌ಗೆ ಚೆನ್ನಾಗಿ ಬರುತ್ತಿತ್ತು. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಪಿಯಾನೋ, ಓಬೋ ಕಲಿತವರು. ಹುಡುಗರು ಗುನುಗಿದ್ದನ್ನು ಅವರು ಸ್ವರ ಹಾಕಿ ಬರೆಯುತ್ತಿದ್ದರು. 1965ರಲ್ಲಿ 'ಯೆಸ್ಟರ್‌ಡೇ' ಹಾಡಿಗೆ ನಾಲ್ಕು ತಂತಿವಾದ್ಯ ಸೇರಿಸಿದರು. ಮರುವರ್ಷ 'ಎಲಿನಾರ್ ರಿಗ್ಬಿ'ಯಲ್ಲಿ ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ನಾಲ್ಕು ವಯಲಿನ್, ಎರಡು ವಿಯೋಲಾ, ಎರಡು ಚೆಲೋ, ಅಷ್ಟೇ. ಮೈಕನ್ನು ತಂತಿಗೆ ತಾಗುವಷ್ಟು ಹತ್ತಿರ ಇಟ್ಟಿದ್ದರು. ಬಿಲ್ಲು ಕೆರೆಯುವ ಸದ್ದು ಕೂಡ ಕೇಳುತ್ತದೆ.

ಇಲ್ಲಿ ಒಬ್ಬ ವ್ಯಕ್ತಿಯ ಹತ್ತಿರ ನಿಂತು ನೋಡೋಣ. ಡೇವಿಡ್ ಮೇಸನ್, ಟ್ರಂಪೆಟ್ ವಾದಕ. 1967ರ ಜನವರಿಯಲ್ಲಿ ಒಂದು ರಾತ್ರಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಟೀವಿ ನೋಡುತ್ತಿದ್ದರು. ಬಾಖ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೋ ಬರುತ್ತಿತ್ತು. ಅದರಲ್ಲೊಂದು ಪುಟ್ಟ ಟ್ರಂಪೆಟ್ ತಾರಸ್ಥಾಯಿಯಲ್ಲಿ ಹಕ್ಕಿಯ ಹಾಗೆ ಕೂಗುತ್ತಿತ್ತು. ಅದು ಏನು ವಾದ್ಯ ಅಂತ ಮರುದಿನ ಮಾರ್ಟಿನ್‌ರನ್ನು ಕೇಳಿದರು. ಪಿಕಲೋ ಟ್ರಂಪೆಟ್ ಅಂತ ಮಾರ್ಟಿನ್ ಹೇಳಿದರು. ನುಡಿಸಿದವರನ್ನೇ ಕರೆಸಿದರು. ಮೇಸನ್ ಒಂಬತ್ತು ಟ್ರಂಪೆಟ್ ಹೊತ್ತುಕೊಂಡು ಬಂದರು. ಮೆಕಾರ್ಟ್ನಿ ಬಾಯಲ್ಲಿ ಹಾಡಿ ತೋರಿಸಿದರು, ಮಾರ್ಟಿನ್ ಬರೆದರು, ಮೇಸನ್ ನುಡಿಸಿದರು. 'ಪೆನ್ನಿ ಲೇನ್' ಹಾಡಿನ ನಡುವೆ ಬರುವ ಆ ಟ್ರಂಪೆಟ್ ತುಣುಕು ಜಗತ್ತಿಗೆಲ್ಲ ಗೊತ್ತು.

ಈ ಮೇಸನ್ ಬರೀ ಬೀಟಲ್ಸ್‌ಗೆ ಬಂದು ಹೋದವರಲ್ಲ. 85 ವರ್ಷದ ಇಂಗ್ಲಿಷ್ ರಚನಕಾರ ವಾನ್ ವಿಲಿಯಮ್ಸ್ ತಮ್ಮ ಒಂಬತ್ತನೇ ಸಿಂಫನಿ, ಅಂದರೆ ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ, ಬರೆದು ಮುಗಿಸಿದಾಗ ಅದರಲ್ಲಿ ಫ್ಲೂಗಲ್‌ಹಾರ್ನ್ ಎಂಬ ಮೆತ್ತನೆ ದನಿಯ ವಾದ್ಯ ಬೇಕೇ ಬೇಕು ಅಂದಿದ್ದರು. 1958ರ ಮೊದಲ ಪ್ರದರ್ಶನದಲ್ಲಿ ಅದನ್ನು ನುಡಿಸಿದ್ದು ಇದೇ ಮೇಸನ್. ಅವರು ತಮ್ಮ ಆರ್ಕೆಸ್ಟ್ರಾ ಜೀವನದ ಬಹುಪಾಲು ಕಳೆದಿದ್ದು ಫಿಲ್‌ಹಾರ್ಮೋನಿಯಾದಲ್ಲಿ, ನಮ್ಮ ಮಹಾರಾಜರು ನೆರವಾದ ಅದೇ ತಂಡದಲ್ಲಿ. ಒಬ್ಬನೇ ಮನುಷ್ಯ, ಒಂದೇ ಉಸಿರು. ಇದರಲ್ಲಿ ಎಷ್ಟು ಭಾಗ ಶಾಸ್ತ್ರೀಯ, ಎಷ್ಟು ಭಾಗ ಪಾಪ್ ಅಂತ ಹೇಗೆ ಪಾಲು ಮಾಡುತ್ತೀರಿ?

ನಮ್ಮ ಕಡೆಯ ಇನ್ನೊಂದು ಕೊಂಡಿ ಇದೆ. ಇದನ್ನು ಕನ್ನಡಿಗರು ಇನ್ನೂ ಜಾಸ್ತಿ ತಿಳಿಯಬೇಕು ಅಂತ ನನಗೆ ಬಹಳ ದಿನದ ಆಸೆ. ಅಯನ ಅಂಗಡಿ ಅಂತ ಒಬ್ಬರು. ಹೆಸರೇ ಹೇಳುತ್ತದೆ, ಉತ್ತರ ಕರ್ನಾಟಕದಿಂದ ಲಂಡನ್ನಿಗೆ ಹೋದವರು. ಹೆಂಡತಿ ಪೆಟ್ರೀಷಿಯಾ ಇಂಗ್ಲಿಷ್ ಚಿತ್ರಕಲಾವಿದೆ. ಇಬ್ಬರೂ ಸೇರಿ 1940ರ ದಶಕದಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಕಟ್ಟಿದರು. ಭಾರತದಿಂದ ಕಲಾವಿದರನ್ನು ಕರೆಸಿ ಲಂಡನ್ನಿನಲ್ಲಿ ಕಚೇರಿ ಮಾಡಿಸುತ್ತಿದ್ದರು. ಅದರ ಅಧ್ಯಕ್ಷರು ಯಾರು? ಎಲ್ಗಾರ್ ಜೊತೆ ನುಡಿಸಿದ್ದ ಆ ಹುಡುಗ, ಮೆನುಹಿನ್. 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅಬೇ ರೋಡಿನಲ್ಲಿ ಮೊದಲ ಸಲ ಸಿತಾರ್ ನುಡಿಸುವಾಗ ತಂತಿ ಕಿತ್ತುಹೋಯಿತು. ಲಂಡನ್ನಿನಲ್ಲಿ ಸಿತಾರ್ ತಂತಿ ಯಾರ ಹತ್ತಿರ ಸಿಗಬೇಕು? ಅಯನ ಅಂಗಡಿಯವರ ಮನೆಗೆ ಫೋನ್ ಹೋಯಿತು, ತಂತಿ ಬಂತು. ಮರುವರ್ಷ ಜೂನ್‌ನಲ್ಲಿ ಹ್ಯಾರಿಸನ್ ಪಂಡಿತ್ ರವಿಶಂಕರ್ ಅವರನ್ನು ಮೊದಲು ಭೇಟಿಯಾಗಿದ್ದೂ ಉತ್ತರ ಲಂಡನ್ನಿನ ಅದೇ ಮನೆಯಲ್ಲಿ. ಆಮೇಲೆ ಬೀಟಲ್ಸ್ ಹಾಡುಗಳಲ್ಲಿ ತಬಲಾ, ದಿಲ್‌ರುಬಾ ನುಡಿಸಿದ ಕಲಾವಿದರು ಈ ಸರ್ಕಲ್ ಮೂಲಕ ಬಂದವರು.

ವಾನ್ ವಿಲಿಯಮ್ಸ್ ಹೆಸರು ಬಂತಲ್ಲ, ಅವರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1903ರ ಡಿಸೆಂಬರ್. ಎಸೆಕ್ಸ್ ಸೀಮೆಯ ಒಂದು ಹಳ್ಳಿ. ಒಬ್ಬ ಮುದುಕ ಕೂಲಿಕಾರ ಅವರಿಗೆ ಒಂದು ಹಳೇ ಹಾಡು ಹೇಳಿದ. ಕೇಳಿದ ಕ್ಷಣದಲ್ಲಿ, ಇದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ ಅಂತ ಅವರಿಗೆ ಅನಿಸಿತಂತೆ. ಅಲ್ಲಿಂದ ಹತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿದರು. ಹೊಲದವರು, ಬೆಸ್ತರು, ಹೆಂಡದಂಗಡಿಯಲ್ಲಿ ಕೂತವರು, ಯಾರ ಬಾಯಲ್ಲಿ ಹಾಡಿತ್ತೋ ಅವರ ಹತ್ತಿರ ಕೂತು ಬರೆದುಕೊಂಡರು. 800ಕ್ಕೂ ಹೆಚ್ಚು ಹಾಡು. ಕೆಲವು ರಾಗಗಳನ್ನು 1906ರ ಚರ್ಚ್ ಹಾಡಿನ ಪುಸ್ತಕಕ್ಕೆ ಸೇರಿಸಿದರು. ಹೀಗೆ ಹೆಂಡದಂಗಡಿಯ ಹಾಡು ಭಾನುವಾರದ ಪ್ರಾರ್ಥನೆಯೊಳಗೆ ಬಂತು. ಅವರೇ ದೇವರನ್ನು ಅಷ್ಟಾಗಿ ನಂಬಿದವರಲ್ಲ, ಆದರೂ ಆ ಕೆಲಸ ಶ್ರದ್ಧೆಯಿಂದ ಮಾಡಿದರು.

ಅವರ 'ದ ಲಾರ್ಕ್ ಅಸೆಂಡಿಂಗ್' ನೀವು ಮೊದಲು ಕೇಳಬೇಕಾದ ಕೃತಿಗಳಲ್ಲೊಂದು. ಒಂದು ಬಾನಾಡಿ ಹೊಲದಿಂದ ಮೇಲೆ ಮೇಲೆ ಹಾರುತ್ತ ಹಾಡುವುದು, ಅಷ್ಟೇ ವಿಷಯ. ಕರ್ನಾಟಕ ಸಂಗೀತದ ಕಿವಿಗೆ ಇದು ಬೇಗ ಒಗ್ಗುತ್ತದೆ. ಶುರುವಿನಲ್ಲಿ ಆರ್ಕೆಸ್ಟ್ರಾ ಒಂದು ನಾದ ಹಿಡಿದು ನಿಲ್ಲುತ್ತದೆ. ವಯಲಿನ್ ಒಂಟಿಯಾಗಿ, ತಾಳವಿಲ್ಲದೆ, ಐದೇ ಸ್ವರ ಸುತ್ತಿಕೊಂಡು ಮೇಲೇರುತ್ತದೆ. ನಿಮಗೆ ಆಲಾಪನೆ ನೆನಪಾಗದಿದ್ದರೆ ನನ್ನನ್ನು ಕೇಳಿ. ಇದೇ ಹಳ್ಳಿ ಹಾಡುಗಳನ್ನು 1960ರ ದಶಕದಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಮತ್ತೆ ಎತ್ತಿಕೊಂಡರು. ಮಾರ್ಟಿನ್ ಕಾರ್ಥಿ, ಸ್ಯಾಂಡಿ ಡೆನಿ, ಫೇರ್‌ಪೋರ್ಟ್ ಕನ್ವೆನ್ಷನ್ ತಂಡ. ಸ್ಯಾಂಡಿ ಡೆನಿಯ ದನಿ ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ವಾನ್ ವಿಲಿಯಮ್ಸ್ ಅವರ ಜೀವದ ಗೆಳೆಯ ಗುಸ್ತಾವ್ ಹೋಲ್ಸ್ಟ್. ಲಂಡನ್ನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಕೈ ನರಗಳ ನೋವಿನಿಂದ ಪಿಯಾನೋ ಬಿಟ್ಟು ಟ್ರೊಂಬೋನ್ ಹಿಡಿದವರು. ಋಗ್ವೇದದ ಅನುವಾದಗಳು ಮನಸ್ಸಿಗೆ ಹಿಡಿಸಲಿಲ್ಲ ಅಂತ ತಾವೇ ಸಂಸ್ಕೃತ ಕಲಿತು ಸೂಕ್ತಗಳನ್ನು ಇಂಗ್ಲಿಷಿಗೆ ತಂದು ರಾಗ ಹಾಕಿದರು. 1908ರಲ್ಲಿ 'ಸಾವಿತ್ರಿ' ಎಂಬ ಪುಟ್ಟ ಆಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ, ಬರೆದರು. ನಮ್ಮ ಸತ್ಯವಾನ್ ಸಾವಿತ್ರಿಯೇ. ಪಾತ್ರಗಳು ಮೂರೇ. ಪರದೆ ಏಳುವಾಗ ವಾದ್ಯವೇ ಇಲ್ಲ. ಕತ್ತಲಲ್ಲಿ ಎಲ್ಲಿಂದಲೋ ಯಮನ ದನಿ ಬರುತ್ತದೆ. ಸಾವಿತ್ರಿ ಉತ್ತರ ಕೊಡುತ್ತಾಳೆ, ಆದರೆ ಅವಳ ಶ್ರುತಿ ಬೇರೆ. ಸಾವು ಒಂದು ಶ್ರುತಿಯಲ್ಲಿ, ಬದುಕು ಇನ್ನೊಂದರಲ್ಲಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಮೈ ಜುಮ್ಮೆನಿಸುವ ಶುರುವಾತು ನಾನು ಬೇರೆಲ್ಲೂ ಕೇಳಿಲ್ಲ. ಹೋಲ್ಸ್ಟ್ ಹೆಸರು ಉಳಿದಿದ್ದು ಮಾತ್ರ 'ದ ಪ್ಲಾನೆಟ್ಸ್'ನಿಂದ. 1918ರಲ್ಲಿ ಅದರ ಮೊದಲ ಪ್ರದರ್ಶನದ ಹೊತ್ತಿಗೆ, 'ಗುರು' ಗ್ರಹದ ಭಾಗ ಕೇಳಿ ಹೊರಗೆ ನೆಲ ಒರೆಸುತ್ತಿದ್ದ ಹೆಂಗಸರು ಬ್ರಷ್ ಕೆಳಗಿಟ್ಟು ಕುಣಿದರಂತೆ. ಮಗಳು ಇಮೊಜೆನ್ ಹೋಲ್ಸ್ಟ್ ಹೇಳಿದ ಮಾತಿದು.

ಆ 'ಗುರು' ಭಾಗದ ನಡುವಿನ ರಾಗ ನೀವು ಈಗಾಗಲೇ ಕೇಳಿರಬಹುದು. 1997ರ ಸೆಪ್ಟೆಂಬರ್ 6, ರಾಜಕುಮಾರಿ ಡಯಾನಾಳ ಅಂತ್ಯಕ್ರಿಯೆ. ಪ್ರಪಂಚವೆಲ್ಲ ಟೀವಿ ಮುಂದೆ ಕೂತಿತ್ತು. ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಚರ್ಚಿನಲ್ಲಿ ಹೋಲ್ಸ್ಟ್ ಅವರ ಆ ರಾಗವನ್ನು ಎಲ್ಲರೂ ನಿಂತು ಹಾಡಿದರು. ಎಲ್ಟನ್ ಜಾನ್ ಪಿಯಾನೋ ಮುಂದೆ ಕೂತು ಹಾಡಿದರು. ಶವಪೆಟ್ಟಿಗೆ ಹೊರಗೆ ಹೋಗುವಾಗ ಜಾನ್ ಟ್ಯಾವೆನರ್ ಅವರ 'ಸಾಂಗ್ ಫಾರ್ ಅಥೀನ್' ಕೇಳಿಸಿತು. ಟ್ಯಾವೆನರ್ ಅವರ ಮೊದಲ ದೊಡ್ಡ ಕೃತಿಯನ್ನು 1970ರಲ್ಲಿ ಪ್ಲೇಟು ಮಾಡಿ ಹೊರತಂದದ್ದು ಬೀಟಲ್ಸ್‌ನ ಸ್ವಂತ ಕಂಪನಿ. ಎಲ್ಟನ್ ಜಾನ್ 11ನೇ ವಯಸ್ಸಿನಿಂದ ಶನಿವಾರ ಶನಿವಾರ ರಾಯಲ್ ಅಕಾಡೆಮಿಗೆ ಹೋಗಿ ಶಾಸ್ತ್ರೀಯ ಪಿಯಾನೋ ಕಲಿತವರು. ಅದೇ ಅಬೆಯ ಆರ್ಗನ್ ವಾದಕನಾಗಿದ್ದ ಪರ್ಸೆಲ್ ಅಲ್ಲೇ ನೆಲದಡಿ ಮಲಗಿದ್ದಾನೆ.

ಹೆಣ್ಣುಮಕ್ಕಳ ವಿಷಯ ನಿಮ್ಮ ಮಗಳಿಗೆ ಹೇಳಲೇಬೇಕು. ಎಥೆಲ್ ಸ್ಮಿತ್, 1858ರಲ್ಲಿ ಹುಟ್ಟಿದವರು, ಆರು ಆಪೆರಾ ಬರೆದವರು. ಹೆಂಗಸರಿಗೆ ಓಟು ಬೇಕು ಅಂತ ಹೋರಾಡಿ 1912ರಲ್ಲಿ ಹಾಲೋವೇ ಜೈಲು ಸೇರಿದರು. ಕೆಳಗೆ ಅಂಗಳದಲ್ಲಿ ಕೈದಿ ಹೆಂಗಸರು ಅವರದೇ ಹೋರಾಟದ ಹಾಡು ಹಾಡುತ್ತ ಸುತ್ತುತ್ತಿದ್ದರು. ಸ್ಮಿತ್ ಮೇಲಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಾಳ ಹಾಕುತ್ತಿದ್ದರು. ಪಿಯಾನೋ ವಾದಕಿ ಮೈರಾ ಹೆಸ್ ಇನ್ನೊಬ್ಬರು. 1939ರಲ್ಲಿ ಯುದ್ಧ ಶುರುವಾಗಿ ಲಂಡನ್ನಿನ ಸಭಾಂಗಣಗಳೆಲ್ಲ ಬಾಗಿಲು ಹಾಕಿದವು. ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದ್ದರು. ಆ ಖಾಲಿ ಗೋಡೆಗಳ ನಡುವೆ ಹೆಸ್ ಮಧ್ಯಾಹ್ನದ ಕಚೇರಿ ಶುರು ಮಾಡಿದರು. ಟಿಕೆಟ್ ಒಂದು ಶಿಲ್ಲಿಂಗ್. ಬಾಂಬ್ ಬೀಳುತ್ತಿದ್ದ ದಿನಗಳಲ್ಲೂ ನಿಲ್ಲಲಿಲ್ಲ. ಆರೂವರೆ ವರ್ಷದಲ್ಲಿ 1,698 ಕಚೇರಿ, ಎಂಟು ಲಕ್ಷಕ್ಕೂ ಹೆಚ್ಚು ಕೇಳುಗರು. ಕ್ಯಾಥಲೀನ್ ಫೆರಿಯರ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಊರಿನ ಸ್ಪರ್ಧೆ ಗೆದ್ದು ಹಾಡುಗಾರ್ತಿಯಾದಳು. 41ಕ್ಕೆ ಕ್ಯಾನ್ಸರ್ ಬಂದು ಹೋಗಿಬಿಟ್ಟಳು. ಆ ತಗ್ಗಿನ, ಬೆಚ್ಚಗಿನ ದನಿ ಪ್ಲೇಟುಗಳಲ್ಲಿದೆ.

ರಾಕ್ ಕಡೆಗೆ ಬಂದರೆ ಇಂಥ ಸಂಬಂಧಗಳು ಇನ್ನೂ ಸಿಗುತ್ತವೆ. ಎಲ್ಲ ಬಿಡಿಸಿ ಹೇಳುವುದಿಲ್ಲ. ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ 1969ರಲ್ಲಿ ರಾಕ್ ತಂಡಕ್ಕೂ ಆರ್ಕೆಸ್ಟ್ರಾಗೂ ಸೇರಿಸಿ ಕನ್ಚೆರ್ಟೋ ಬರೆದಾಗ ಅದನ್ನು ನಡೆಸಿಕೊಟ್ಟವರು ದೊಡ್ಡ ಸಿಂಫನಿಕಾರ ಮಾಲ್ಕಮ್ ಆರ್ನಾಲ್ಡ್. ದ ಹೂ ತಂಡದ ಮ್ಯಾನೇಜರ್ ಕಿಟ್ ಲ್ಯಾಂಬರ್ಟ್‌ನ ಅಪ್ಪ ಶಾಸ್ತ್ರೀಯ ಸಂಗೀತ ರಚನಕಾರ. ತಂಡದ ಪೀಟ್ ಟೌನ್‌ಶೆಂಡ್‌ಗೆ ಪರ್ಸೆಲ್ ಸಂಗೀತ ಕೇಳಿಸಿದ್ದು ಈ ಕಿಟ್ಟೇ. ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ವಿಯೋಲಾ ಕಲಿತವರು, ಆರ್ಕೆಸ್ಟ್ರಾಗಳಿಗೆ ಬರೆಯುವವರು. ಕ್ವೀನ್‌ನ ಫ್ರೆಡಿ ಮರ್ಕ್ಯುರಿ ಪಾರ್ಸಿ ಮನೆಯ ಹುಡುಗ, ಜಾಂಜಿಬಾರಿನಲ್ಲಿ ಹುಟ್ಟಿ ಪಂಚಗನಿಯ ಬೋರ್ಡಿಂಗ್ ಶಾಲೆಯಲ್ಲಿ ಪಿಯಾನೋ ಕಲಿತವನು. 1975ರ 'ಬೊಹೀಮಿಯನ್ ರಾಪ್ಸಡಿ' ನಡುವಿನ ಆಪೆರಾ ಭಾಗ ಮೂವರದೇ ದನಿ. ಟೇಪಿನ ಮೇಲೆ ಟೇಪು ಹೇರಿ ಮೂವರನ್ನು ನೂರು ಜನ ಮಾಡಿದರು.

ಸರಿ, ಎಲ್ಲಿಂದ ಶುರು ಮಾಡೋಣ ಅಂತ ಕೇಳಿದಿರಿ. ನೀವು ಕರ್ನಾಟಕ ಸಂಗೀತದವರು, ನಿಮ್ಮ ಕಿವಿ ಮೇಲಿನ ಹಾಡನ್ನೇ ಹಿಂಬಾಲಿಸುತ್ತದೆ. ಈ ಸಂಗೀತದಲ್ಲಿ ಅರ್ಧ ಕತೆ ಕೆಳಗೆ ನಡೆಯುತ್ತದೆ, ಮಗಳ ಎಡಗೈ ಇರುವ ಕಡೆ. ಅದನ್ನು ಹಿಡಿಯಲು ಒಂದು ಅಭ್ಯಾಸ ಹೇಳುತ್ತೇನೆ. ಇಬ್ಬರೂ ಪಿಯಾನೋ ಹತ್ತಿರ ಕೂತು ಮಾಡಿ.

ಪರ್ಸೆಲ್ ಬರೆದ 'ಡೈಡೋ ಆಂಡ್ ಈನಿಯಸ್' ಎಂಬ ಆಪೆರಾ ಇದೆ. 1689ರ ಹೊತ್ತಿಗೆ ಚೆಲ್ಸಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಡಿದ್ದು. ಕೊನೆಯಲ್ಲಿ ರಾಣಿ ಡೈಡೋ ಸಾಯುವ ಮುಂಚೆ ಒಂದು ಹಾಡು ಹಾಡುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಕೆಳಗಿನ ವಾದ್ಯಗಳು ಒಂದು ಸಾಲು ನುಡಿಸುತ್ತವೆ. ಮೇಲಿನ ಷಡ್ಜದಿಂದ ಹೊರಟು ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ಒಂದು ಸ್ವರಸ್ಥಾನವನ್ನೂ ಬಿಡದೆ ಇಳಿಯುತ್ತದೆ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯುವವರ ಹಾಗೆ. ಇದೇ ಸಾಲು ಹಾಡು ಮುಗಿಯುವವರೆಗೆ ಮತ್ತೆ ಮತ್ತೆ ಬರುತ್ತದೆ. ಮೇಲೆ ರಾಣಿ ಎಲ್ಲೆಲ್ಲೋ ಹೋಗುತ್ತಾಳೆ, ಕೆಳಗೆ ಅದು ಅವಳನ್ನು ಬಿಡುವುದಿಲ್ಲ. ಎರಡು ಸಲ ಹಾಡು ಕೇಳಿ. ಮೂರನೇ ಸಲ ಹಾಡನ್ನು ಬಿಟ್ಟು ಕೆಳಗಿನ ಸಾಲನ್ನು ಮಾತ್ರ ಕೇಳಿ.

ಆಮೇಲೆ ಮಗಳ ಎಡಗೈಯಲ್ಲಿ ನುಡಿಸಿಸಿ. ಷಡ್ಜ ಎ ಇಟ್ಟುಕೊಳ್ಳಲಿ: ಎ, ಜಿ ಶಾರ್ಪ್, ಜಿ, ಎಫ್ ಶಾರ್ಪ್, ಎಫ್, ಇ. ನಿಧಾನವಾಗಿ, ನಾಲ್ಕೈದು ಸಲ.

ಈಗ 1968ರಲ್ಲಿ ಜಾರ್ಜ್ ಹ್ಯಾರಿಸನ್ ಬರೆದು ಅಬೇ ರೋಡಿನಲ್ಲಿ ರೆಕಾರ್ಡ್ ಮಾಡಿದ 'ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್' ಹಾಕಿ. ಹಾಡಿನ ಮೊದಲ ಸಾಲಿನ ಕೆಳಗೆ ಬೇಸ್, ಅಂದರೆ ತಗ್ಗಿನ ಸ್ವರಗಳ ಸಾಲು, ಹೇಗೆ ಹೋಗುತ್ತದೆ ಅಂತ ಕೇಳಿ, ಮಗಳಿಗೆ ಹುಡುಕಲು ಬಿಡಿ. ನೀವು ಮೊದಲೇ ಹೇಳಬೇಡಿ. ಅವಳ ಬೆರಳು ಎ ಮೇಲೆ ನಿಲ್ಲುತ್ತದೆ, ಜಿಗೆ ಇಳಿಯುತ್ತದೆ, ಆಮೇಲೆ ಎಫ್ ಶಾರ್ಪ್, ಆಮೇಲೆ ಎಫ್.